ಪ್ಯೂಜೆಟ್ ಸೌಂಡ್ ದಂಡೆಗೆ ಯಾವ ಸ್ಟ್ರಿಪ್ಪಿಂಗ್ ಬಾಸ್ಕೆಟ್? ಮೂರು ಬಗೆಗಳ ವಿಮರ್ಶೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯಲ್ಲಿ ದೋಣಿಯ ಹಂಗಿಲ್ಲದೆ, ದಂಡೆಯಲ್ಲೇ ನಿಂತು ಫ್ಲೈ ಗಾಳ (ಪುಕ್ಕ, ನಾರು ಸುತ್ತಿದ ಹಗುರ ಕೊಕ್ಕೆಯನ್ನು ಲೈನಿನ ಭಾರದಿಂದಲೇ ಎಸೆಯುವ ಗಾಳ) ಹಾಕಬಹುದು. ಹೊಳೆಗೂ ಕಡಲಿಗೂ ಓಡಾಡುವ ಕಟ್‌ಥ್ರೋಟ್ ಟ್ರೌಟ್, ಕೋಹೋ ಸಾಲ್ಮನ್, ಪಿಂಕ್ ಸಾಲ್ಮನ್ ಮೂರೂ ಸಿಗುತ್ತವೆ. ಇದಕ್ಕೆ ಇಳಿದವರು ಮೊದಲು ರಾಡ್‌ಗೆ ದುಡ್ಡು ಸುರಿಯುತ್ತಾರೆ, ಆಮೇಲೆ ರೀಲ್‌ಗೆ, ಮಿಕ್ಕಿದ್ದರೆ ಲೈನಿಗೆ. ಎಳೆದುಕೊಂಡ ಲೈನ್ ಬೀಳಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಬುಟ್ಟಿ, ಅಂದರೆ ಸ್ಟ್ರಿಪ್ಪಿಂಗ್ ಬಾಸ್ಕೆಟ್, ನೆನಪಾಗುವುದು ಕಡೆಗೆ. ಈ ಕ್ರಮ ತಲೆಕೆಳಗು ಅನ್ನುವುದೇ ಈ ವಿಮರ್ಶೆಯ ವಾದ. ಸಾಧಾರಣ 6-ವೇಟ್ (ಮಧ್ಯಮ ತೂಕದ ಲೈನಿಗೆ ಹೊಂದುವ) ರಾಡ್ ಹಿಡಿದು ಒಳ್ಳೆಯ ಬಾಸ್ಕೆಟ್ ಕಟ್ಟಿಕೊಂಡವರ ಎಸೆತ, ದುಬಾರಿ ರಾಡ್ ಹಿಡಿದು ಲೈನನ್ನು ಕಾಲಬುಡದ ನೀರಿಗೆ ಬಿಡುವವರ ಎಸೆತಕ್ಕಿಂತ ದೂರ ಹೋಗುತ್ತದೆ.

ಕಾರಣ ಲೈನಿನಲ್ಲೇ ಇದೆ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸೆಕೆಂಡಿಗೆ 1ರಿಂದ 2 ಇಂಚಿನಂತೆ ನಿಧಾನವಾಗಿ ಮುಳುಗುವ ಇಂಟರ್‌ಮೀಡಿಯೆಟ್ ಲೈನ್. 60 ಅಡಿ ಎಸೆದು ಫ್ಲೈಯನ್ನು ಹತ್ತಿರದವರೆಗೆ ಎಳೆದುಕೊಂಡರೆ, ಕೈಯಿಂದ ಜಾರಿದ 40 ಅಡಿಯಷ್ಟು ಲೈನ್ ಎಲ್ಲಾದರೂ ಬೀಳಲೇಬೇಕಲ್ಲ. ನೀರಿಗೆ ಬಿದ್ದರೆ ಅರ್ಧ ನಿಮಿಷದಲ್ಲಿ ಮೊಣಕಾಲಿನ ಆಳಕ್ಕೆ ಇಳಿದು ಬೂಟಿಗೆ ಸುತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಾದರೆ ತೇಲಾಡುವ ಹಸಿರು ಪಾಚಿಯ ಹಾಳೆಗಳನ್ನೂ ಹೊದ್ದುಕೊಳ್ಳುತ್ತದೆ. ಮುಂದಿನ ಎಸೆತದಲ್ಲಿ ಅಷ್ಟೂ ಲೈನನ್ನು ನೀರಿನ ಹಿಡಿತದಿಂದ ಕಿತ್ತು ಹಾರಿಸಬೇಕು. 60 ಅಡಿ ಹೋಗಬೇಕಾದದ್ದು 45 ಅಡಿಗೆ ನಿಲ್ಲುತ್ತದೆ. ಅದಕ್ಕಿಂತ ಖರ್ಚಿನ ಪೆಟ್ಟು ಇನ್ನೊಂದಿದೆ: ಇಲ್ಲಿನ ದಂಡೆಯ ಕಲ್ಲುಗಳ ಮೇಲೆಲ್ಲ ಬಾರ್ನಕಲ್ ಎಂಬ ಕಡಲಜೀವಿಯ ಚಿಪ್ಪು, ಸೌಂಡ್‌ನ ಪಶ್ಚಿಮದ ಕವಲಾದ ಹುಡ್ ಕೆನಾಲ್ ಕಡೆಗೆ ಹೋದರೆ ಸಿಂಪಿಗಳ ಹಾಸು. ಲೈನ್ ಬೂಟಿಗೂ ಚಿಪ್ಪಿಗೂ ನಡುವೆ ಒಮ್ಮೆ ಸಿಕ್ಕರೆ ಸಾಕು, ಮೇಲಿನ ಪಿವಿಸಿ ಕವಚ ಸೀಳಿ ಒಳಗಿನ ದಾರ ಕಾಣುತ್ತದೆ. ಆಮೇಲೆ ಆ ಜಾಗ ರಾಡಿನ ಗೈಡ್‌ಗಳಲ್ಲಿ (ಲೈನ್ ಹಾಯುವ ಉಂಗುರಗಳಲ್ಲಿ) ಪ್ರತಿ ಸಲವೂ ತಡೆಯುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ: ಅಚ್ಚಿನಲ್ಲಿ ಎರಕವಾದ ಗಟ್ಟಿ ಪ್ಲಾಸ್ಟಿಕ್ ಟ್ರೇ, ಮಡಚಿಡಬಹುದಾದ ಜಾಲರಿ ಚೀಲ. ಮೂರನೆಯದು ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್‌ನಿಂದ ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ಬ್ರ್ಯಾಂಡ್ ಬದಲಾದರೂ ಈ ಮೂರರ ಗುಣದೋಷ ಅಷ್ಟೇನೂ ಬದಲಾಗುವುದಿಲ್ಲ. ಹಾಗಾಗಿ ಇಲ್ಲಿ ತೂಗಿರುವುದು ಬಗೆಯನ್ನು, ಹೆಸರನ್ನಲ್ಲ.

ಗಟ್ಟಿ ಟ್ರೇಯಿಂದ ಶುರುಮಾಡೋಣ. ಚೆನ್ನಾಗಿ ರೂಪಿಸಿದ ಟ್ರೇಯಲ್ಲಿ ಮೂರು ಸಂಗತಿ ಇರುತ್ತವೆ. ಮೈಗೆ ತಾಗುವ ಬದಿ ಒಳಕ್ಕೆ ಬಾಗಿರುತ್ತದೆ, ಆಳ ಕನಿಷ್ಠ 5 ಇಂಚು ಇರುತ್ತದೆ, ತಳದಿಂದ 2-3 ಇಂಚು ಎತ್ತರದ ಶಂಕುಗಳು ಮೇಲೆದ್ದಿರುತ್ತವೆ. ಕೆಲಸವೆಲ್ಲ ಈ ಶಂಕುಗಳದ್ದೇ. ನಡೆಯುವಾಗ, ಸೊಂಟ ತಿರುಗಿಸುವಾಗ ಲೈನಿನ ಸುರುಳಿಗಳು ಒಂದು ಮೂಲೆಗೆ ಜಾರಿ ಒಂದರ ಮೇಲೊಂದು ಹೊರಳಿದರೇ ಸಿಕ್ಕು ಹುಟ್ಟುವುದು. ಶಂಕುಗಳು ಸುರುಳಿಗಳನ್ನು ಬಿದ್ದ ಜಾಗದಲ್ಲೇ ಹಿಡಿದಿಡುತ್ತವೆ. ತಳ ಬರೀ ಸಪಾಟಾಗಿರುವ ಟ್ರೇಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಕೊಳ್ಳಬೇಡಿ. ಶಂಕುಗಳು ಮೂರೋ ನಾಲ್ಕೋ ಇದ್ದು ನಡುವೆ ಒಂದು ಗೇಣು ಬಯಲಿದ್ದರೂ ಅಷ್ಟೇ, ಲೈನ್ ಆ ಬಯಲಲ್ಲೇ ಗುಂಪುಗೂಡುತ್ತದೆ.

ಗಟ್ಟಿ ಟ್ರೇಯ ದೊಡ್ಡ ಲಾಭ ಕಾಣುವುದು ಗಾಳಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಸೌಂಡ್‌ನಲ್ಲಿ ಗಾಳಿ ಏಳುವ ದಿನಗಳೇ ಹೆಚ್ಚು. 3 ಇಂಚು ಆಳದ ಟ್ರೇಯಿಂದ ತೆಳು ರನ್ನಿಂಗ್ ಲೈನ್ (ಲೈನಿನ ದಪ್ಪ ಮುಂಭಾಗದ ಹಿಂದಿನ ಸಪುರ ಭಾಗ) ಹಾರಿ ಹೊರಬೀಳುತ್ತದೆ, 5-6 ಇಂಚಿನದರಿಂದ ಬೀಳುವುದಿಲ್ಲ. ಗೋಡೆ ಗಟ್ಟಿಯಿರುವುದರಿಂದ ಕೈ ನೋಡದೆಯೇ ಅದರ ಬಾಯಿ ಹುಡುಕಿಕೊಳ್ಳುತ್ತದೆ. ನಸುಕಿನ ಮಬ್ಬಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ದೋಷಗಳೂ ಇವೆ. ಅಚ್ಚಿನಿಂದ ಬಂದ ಅಂಚಿನ ಮೇಲೆ ಕೂದಲೆಳೆಯಷ್ಟು ಪ್ಲಾಸ್ಟಿಕ್ ಚೂಪಾಗಿ ಉಳಿದಿರುವುದುಂಟು. ಹತ್ತಿಯ ಉಂಡೆಯನ್ನು ಅಂಚಿನ ಉದ್ದಕ್ಕೂ, ಪ್ರತಿ ಶಂಕುವಿನ ತುದಿಗೂ ಸವರಿ ನೋಡಿ. ಎಳೆ ಸಿಕ್ಕಿಕೊಂಡ ಕಡೆ 400 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಬೆಲ್ಟ್ ತೂರಿಸುವ ಸೀಳುಗಳ ಮೂಲೆ ಚೌಕವಾಗಿದ್ದರೆ ಚಳಿಗಾಲದಲ್ಲಿ ಬಿರುಕು ಬಿಡುವುದು ಅಲ್ಲಿಂದಲೇ. ಮೂಲೆ ದುಂಡಗಿರುವುದು ಒಳ್ಳೆಯ ತಯಾರಿಕೆಯ ಗುರುತು. ಎಲ್ಲಕ್ಕಿಂತ ಕಿರಿಕಿರಿ ಅದರ ಗಾತ್ರ. ಬೆನ್ನಚೀಲಕ್ಕೆ ಹೋಗುವುದಿಲ್ಲ, ವಿಮಾನದ ಸಾಮಾನಿಗೆ ಹೊಂದುವುದಿಲ್ಲ, ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಯಾವುದರ ಮೇಲೋ ಕೂತಿರುತ್ತದೆ.

ತಳದಲ್ಲಿ ತೂತು ಬೇಕೇ ಬೇಡವೇ ಎಂಬ ಜಗಳ ಹಳೆಯದು. ತೂತಿಲ್ಲದಿದ್ದರೆ ಅಲೆಯಿಂದ ಹಾರಿದ ನೀರು ನಿಲ್ಲುತ್ತದೆ. ಅರ್ಧ ಇಂಚು ನೀರು ನಿಂತರೂ ಲೈನ್ ತಳಕ್ಕೆ ಅಂಟಿಕೊಂಡು ಎಸೆತ ಕುಂಟುತ್ತದೆ. ತೂತಿದ್ದರೆ, ಬಾಸ್ಕೆಟ್‌ನ ತಳ ಮುಳುಗುವಷ್ಟು ನೀರಿಗೆ ಇಳಿದಾಗ ಕೆಳಗಿನಿಂದಲೇ ತುಂಬಿಕೊಳ್ಳುತ್ತದೆ. ಪ್ಯೂಜೆಟ್ ಸೌಂಡ್‌ಗೆ ತೂತಿರುವುದೇ ಸರಿ. ಕಾರಣ, ಇಲ್ಲಿ ಸೊಂಟದ ಆಳಕ್ಕೆ ಇಳಿಯುವ ಅಗತ್ಯವೇ ಅಪರೂಪ. ಕಟ್‌ಥ್ರೋಟ್ ಬಹಳ ಸಲ 2ರಿಂದ 6 ಅಡಿ ನೀರಿನಲ್ಲೇ, ದಂಡೆಗೆ ತೀರಾ ಹತ್ತಿರ ಓಡಾಡುವ ಮೀನು. ತೊಡೆಮಟ್ಟಕ್ಕೆ ಇಳಿದವರು ಅದರ ಹಾದಿಯಲ್ಲೇ ನಿಂತಿರುತ್ತಾರೆ.

ಮಡಚುವ ಜಾಲರಿ ಚೀಲದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸ್ಪ್ರಿಂಗ್ ತಂತಿಯ ಚೌಕಟ್ಟು, ಸುತ್ತ ಜಾಲರಿ, ತಳದಲ್ಲಿ ಬೆರಳುದ್ದದ ನೈಲಾನ್ ಕಡ್ಡಿಗಳು. ಹಗುರ, ತಟ್ಟೆಯಷ್ಟಕ್ಕೆ ಮಡಚಿಕೊಳ್ಳುತ್ತದೆ, ನೀರು ನಿಲ್ಲುವ ಮಾತೇ ಇಲ್ಲ. ದೂರ ನಡೆದು ತಲುಪಬೇಕಾದ ದಂಡೆಗಳಿಗೆ ಇದು ಅನುಕೂಲ. ಆದರೆ ಗಾಳಿ ಬಂದರೆ ಹೊರಗೋಡೆ ಒಳಕ್ಕೆ ಬಾಗಿ ಬಾಯಿ ಅರ್ಧ ಮುಚ್ಚುತ್ತದೆ. ಅಲೆ ಕೆಳಗಿನಿಂದ ಬಡಿದಾಗ ನೀರು ಜಾಲರಿಯ ಮೂಲಕ ನುಗ್ಗಿ ಸುರುಳಿಗಳನ್ನೆಲ್ಲ ಮೇಲಕ್ಕೆತ್ತಿ ಕಲಸಿಬಿಡುತ್ತದೆ. ಫ್ಲೈ ಬದಲಿಸುವಾಗ ಕೊಕ್ಕೆ ಜಾಲರಿಗೆ ಚುಚ್ಚಿಕೊಂಡರೆ ಚಳಿಗೆ ಮರಗಟ್ಟಿದ ಬೆರಳಲ್ಲಿ ಬಿಡಿಸಬೇಕು. ಮಡಚಿ ಮಡಚಿ ತಳ ಉಬ್ಬಿಕೊಂಡಿತೆಂದರೆ ಲೈನ್ ಸುತ್ತಲಿನ ಅಂಚಿಗೆ ಜಾರುತ್ತದೆ. ಎರಡನೆಯ ಬಾಸ್ಕೆಟ್ ಆಗಿ ಸರಿ, ಒಂದೇ ಕೊಳ್ಳುವವರಿಗೆ ಬೇಡ.

ಮೂರನೆಯದಕ್ಕೆ ಬರೋಣ. ಇದರ ಖರ್ಚು ಹತ್ತು ಡಾಲರ್ ಆಸುಪಾಸಿನಲ್ಲಿ ಮುಗಿಯುತ್ತದೆ. ಸರಿಯಾಗಿ ಮಾಡಿದರೆ ಅಂಗಡಿಯ ಟ್ರೇಗೆ ಸರಿಸಾಟಿ, ಅವಸರದಲ್ಲಿ ಮಾಡಿದರೆ ಎರಡೇ ವಾರಕ್ಕೆ ಕಸ. ಸುಮಾರು 14 ಇಂಚು ಉದ್ದ, 12 ಇಂಚು ಅಗಲ, 5-6 ಇಂಚು ಆಳದ ಟಬ್ ಬೇಕು. ಉಗುರಿನಿಂದ ಒತ್ತಿದರೆ ಸ್ವಲ್ಪ ಬಾಗುವ ಮೆದು ಪ್ಲಾಸ್ಟಿಕ್ಕೇ ಆಗಬೇಕು, ಟಣ್ ಎನ್ನುವ ಗಡಸು ಪ್ಲಾಸ್ಟಿಕ್ ಡ್ರಿಲ್ ತಾಗಿದೊಡನೆ ಸೀಳುತ್ತದೆ. ತಳದ ಮೇಲೆ 3 ಇಂಚಿಗೊಂದರಂತೆ, ಸಾಲು ಬಿಟ್ಟು ಸಾಲಿಗೆ ಅಡ್ಡಡ್ಡವಾಗಿ 12ರಿಂದ 14 ಗುರುತು ಹಾಕಿ 5 ಮಿ.ಮೀ. ತೂತು ಕೊರೆಯಿರಿ. 4.8 ಮಿ.ಮೀ. ಅಗಲದ ಜಿಪ್ ಟೈಯನ್ನು (ಒಮ್ಮೆ ಬಿಗಿದರೆ ಸಡಿಲವಾಗದ ಪ್ಲಾಸ್ಟಿಕ್ ಕಟ್ಟುಪಟ್ಟಿ) ಹೊರಗಿನಿಂದ ಒಳಕ್ಕೆ ತೂರಿಸಿ. ಅದರ ತಲೆ ತಳದ ಹೊರಗೆ ಅಡ್ಡವಾಗಿ ನಿಲ್ಲುತ್ತದೆ, ಬಾಲ ಒಳಗೆ ನೆಟ್ಟಗೆ ಏಳುತ್ತದೆ. ಇನ್ನೊಂದು ಜಿಪ್ ಟೈಯ ತಲೆಯನ್ನಷ್ಟೇ ಕತ್ತರಿಸಿ, ಈ ಬಾಲಕ್ಕೆ ಮೇಲಿನಿಂದ ಪೋಣಿಸಿ, ತಳಕ್ಕೆ ಕಚ್ಚುವವರೆಗೆ ಒತ್ತಿ. ಎರಡು ತಲೆಗಳ ನಡುವೆ ಪ್ಲಾಸ್ಟಿಕ್ ಬಿಗಿಯಾಗುತ್ತದೆ. ಅನೇಕರು ಇಲ್ಲಿ ಹಾಟ್ ಗ್ಲೂ ಹಚ್ಚಿ ಮುಗಿಸುತ್ತಾರೆ. ಆದರೆ ಈ ಬಗೆಯ ಮೆದು ಪ್ಲಾಸ್ಟಿಕ್ಕಿಗೆ ಹಾಟ್ ಗ್ಲೂ ಸರಿಯಾಗಿ ಹಿಡಿಯುವುದೇ ಇಲ್ಲ, ತಣ್ಣೀರು ತಾಗಿದ ಮೇಲೆ ಬಿಲ್ಲೆಬಿಲ್ಲೆಯಾಗಿ ಎದ್ದುಬರುತ್ತದೆ.

ಬಾಲವನ್ನು 3 ಇಂಚಿಗೆ ಕತ್ತರಿಸಿದಾಗ ತುದಿ ಚೂರಿಯಷ್ಟು ಚೂಪಾಗಿರುತ್ತದೆ. ಲೈಟರ್ ತೋರಿಸಿ ಕರಗಿಸಿ ದುಂಡು ಮಾಡದೆ ಬಿಟ್ಟರೆ ಲೈನಿನ ಕವಚಕ್ಕೂ ಬೆರಳಿಗೂ ಗೀರು ಖಚಿತ. ಒಳಗಿನ ತಲೆಗಳ ಮೂಲೆಗಳನ್ನೂ ಅರದಿಂದ ತಿಕ್ಕಿಬಿಡಿ. ನಾಲ್ಕು ಮೂಲೆಯಲ್ಲಿ 6 ಮಿ.ಮೀ. ತೂತು ನೀರು ಹೋಗಲಿಕ್ಕೆ. ಬೆಲ್ಟಿಗೆ ಉದ್ದದ ಬದಿಯಲ್ಲಿ, ಅಂಚಿನಿಂದ ಒಂದು ಇಂಚು ಕೆಳಗೆ, ಎರಡು ಸೀಳು ಬೇಕು. ಸೀಳಿನ ಎರಡೂ ಕೊನೆಗೆ ಮೊದಲು ದುಂಡನೆಯ ತೂತು ಕೊರೆದು, ಆಮೇಲೆ ನಡುವಿನದನ್ನು ಕತ್ತರಿಸಿ. ಸೈಕಲ್ ಕ್ಯಾರಿಯರ್‌ಗೆ ಬಿಗಿಯುವಂಥ ರಬ್ಬರ್ ಹಗ್ಗ ಅಗ್ಗವೇನೋ ಹೌದು, ಆದರೆ ಹೆಜ್ಜೆಗೊಮ್ಮೆ ಟಬ್ ಕುಣಿದು ಸುರುಳಿಗಳು ಹೊರಳುತ್ತವೆ. ಒಂದೂವರೆ ಇಂಚಿನ ನೈಲಾನ್ ಪಟ್ಟಿ, ಒಂದೇ ಒತ್ತಿಗೆ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಹಾಕಿಕೊಳ್ಳಿ. ಬಾಸ್ಕೆಟ್‌ನ ಬೆಲ್ಟ್ ವೇಡರ್ (ನೀರಿಗಿಳಿಯಲು ತೊಡುವ ಜಲನಿರೋಧಕ ಉಡುಪು) ಬೆಲ್ಟಿಗಿಂತ ಬೇರೆಯೇ ಇರಲಿ. ಎಡವಿ ಬಿದ್ದಾಗ ನೀರು ತುಂಬಿದ ಟಬ್ಬನ್ನು ಬಿಚ್ಚಿ ಎಸೆಯಬೇಕು, ವೇಡರ್ ಬೆಲ್ಟ್ ಮಾತ್ರ ಬಿಗಿಯಾಗಿಯೇ ಉಳಿಯಬೇಕು.

ಯಾವುದನ್ನೇ ಕೊಂಡರೂ ಬಳಸುವ ರೀತಿ ತಪ್ಪಿದರೆ ಬೈಗುಳ ಬಾಸ್ಕೆಟ್‌ಗೆ ಬೀಳುತ್ತದೆ. ಬಹುಪಾಲು ದೂರು ಮೊದಲ ಎಸೆತದ್ದು: "ಕಟ್ಟಿಕೊಂಡು ನಿಂತೆ, ಮೊದಲ ಎಸೆತಕ್ಕೇ ಗಂಟು." ರೀಲ್‌ನಿಂದ ನೇರವಾಗಿ 50 ಅಡಿ ಎಳೆದು ಬುಟ್ಟಿಗೆ ಬಿಟ್ಟಾಗ ಮೊದಲು ಎಳೆದ ಭಾಗ, ಅಂದರೆ ರಾಡಿನ ತುದಿಯ ಕಡೆಯದು, ಅಡಿಯಲ್ಲಿರುತ್ತದೆ. ರೀಲ್ ಕಡೆಯದು ಮೇಲಿರುತ್ತದೆ. ಎಸೆದಾಗ ಮೊದಲು ಹೊರಡಬೇಕಾದ್ದು ಅಡಿಯದು. ಅದು ಮೇಲಿನ ರಾಶಿಯನ್ನೆಲ್ಲ ಹೊತ್ತುಕೊಂಡು ಏಳುತ್ತದೆ, ಮೊದಲ ಗೈಡ್‌ನಲ್ಲಿ ಮುದ್ದೆಯಾಗಿ ನಿಲ್ಲುತ್ತದೆ. ಮದ್ದು ಸುಲಭ: 25 ಅಡಿ ಎಳೆದು ಹಗುರವಾಗಿ ಎಸೆಯಿರಿ, ಇನ್ನಷ್ಟು ಎಳೆದು ಇನ್ನೊಮ್ಮೆ ಎಸೆಯಿರಿ, ಪೂರ್ತಿ ಹೊರಹೋದ ಮೇಲೆ ಸ್ಟ್ರಿಪ್ ಮಾಡುತ್ತ, ಅಂದರೆ ಕೈಯಿಂದ ಲೈನ್ ಎಳೆದುಕೊಳ್ಳುತ್ತ, ಬುಟ್ಟಿಗೆ ತುಂಬಿ. ಈಗ ರೀಲ್ ಕಡೆಯದು ಅಡಿಗೂ ತುದಿಯದು ಮೇಲಕ್ಕೂ ಬಂತು. ಆ ಮೇಲೆ ಪ್ರತಿ ಎಸೆತವೂ ತಾನಾಗಿ ಸರಿಯಾದ ಕ್ರಮದಲ್ಲೇ ತುಂಬಿಕೊಳ್ಳುತ್ತದೆ.

ಬುಟ್ಟಿಯ ಜಾಗವೂ ಎಳೆಯುವ ಬಗೆಗೆ ತಕ್ಕಂತೆ. ಒಂದೇ ಕೈಯಲ್ಲಿ ಎಳೆಯುವವರಿಗೆ ಲೈನ್ ಹಿಡಿಯುವ ಕೈಯ ಕಡೆ, ಸೊಂಟಕ್ಕಿಂತ ಒಂದು ಗೇಣು ಕೆಳಗೆ, ತೊಡೆಯ ಮೇಲೆ. ಕೋಹೋಗೆ ಫ್ಲೈ ವೇಗವಾಗಿ ಓಡಬೇಕು. ಅದಕ್ಕೆ ರಾಡನ್ನು ಕಂಕುಳಲ್ಲಿ ಇರುಕಿ ಎರಡೂ ಕೈಯಿಂದ ಎಳೆಯುವುದು ವಾಡಿಕೆ. ಆಗ ಬುಟ್ಟಿ ನೇರ ಎದುರಿಗಿರಬೇಕು. ಈ ಎರಡು ಕೈಯ ಎಳೆತ ಬಾಸ್ಕೆಟ್ ಇಲ್ಲದೆ ಆಗುವ ಕೆಲಸವೇ ಅಲ್ಲ. ಪಿಂಕ್ ಸಾಲ್ಮನ್‌ಗೆ ವೇಗ ಬೇಡ. 6ನೇ ಸೈಜಿನ, ನಾರು ಕಡಿಮೆಯಿರುವ ಗುಲಾಬಿ ಫ್ಲೈಯನ್ನು ಗೇಣುಗೇಣಾಗಿ ನಿಧಾನಕ್ಕೆ ಎಳೆದರೆ ಸಾಕು.

ಲೈನ್ ಆಯ್ಕೆಯೂ ಬುಟ್ಟಿಯೊಳಗಿನ ವರ್ತನೆಯನ್ನು ಬದಲಿಸುತ್ತದೆ. ಇಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಬೆಚ್ಚಗಿನ ಕಡಲಿಗೆಂದು ಮಾಡಿದ ಲೈನ್ ಇಲ್ಲಿ ಸ್ಪ್ರಿಂಗ್‌ನಂತೆ ಸುರುಳಿಗಟ್ಟಿ ಶಂಕುಗಳಿಗೆ ತಗಲಿಕೊಳ್ಳುತ್ತದೆ. ತಣ್ಣೀರಿನ ಲೈನನ್ನೇ ಕೇಳಿ ಕೊಳ್ಳಿ, ಗಾಳ ಶುರುಮಾಡುವ ಮೊದಲು ಮಾರುಮಾರಾಗಿ ಎಳೆದು ಹಿಗ್ಗಿಸಿ. ಪಾರದರ್ಶಕ ಇಂಟರ್‌ಮೀಡಿಯೆಟ್ ಲೈನ್‌ಗಳಿಗೆ ಇದು ಇನ್ನೂ ಮುಖ್ಯ. ರನ್ನಿಂಗ್ ಲೈನ್ ತೀರಾ ತೆಳುವಿರುವ ಶೂಟಿಂಗ್ ಹೆಡ್ (ಮುಂಭಾಗ ಗಿಡ್ಡ, ಭಾರವಾಗಿರುವ ಲೈನ್) ದೂರ ಹೋಗುತ್ತದೆ ನಿಜ, ಗಾಳಿಗೆ ಮೊದಲು ಸಿಕ್ಕಾಗುವುದೂ ಅದೇ. ಸನ್‌ಸ್ಕ್ರೀನ್, ಸೊಳ್ಳೆ ಓಡಿಸುವ ಎಣ್ಣೆ ಹಚ್ಚಿದ ಕೈಯಲ್ಲಿ ಲೈನ್ ಮುಟ್ಟಬೇಡಿ, ಕವಚ ಹಾಳಾಗುತ್ತದೆ. ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) 9 ಅಡಿ, 8ರಿಂದ 12 ಪೌಂಡ್ ಎಳೆತ ತಾಳುವ ಫ್ಲೋರೋಕಾರ್ಬನ್ ಸಾಕು. ನೀರಿನ ಮೇಲೆ ಗೀರೆಳೆಯುತ್ತ ಬರುವ ಪಾಪರ್ ಎಂಬ ತೇಲುವ ಫ್ಲೈಗಳಿಗೆ ಮಾತ್ರ ತೇಲುವ ಲೈನ್. ಫ್ಲೈ ಗಾಳಗಾರ ಲೀಲಂಡ್ ಮಿಯಾವಾಕಿ ಹೆಣೆದ ಬೀಚ್ ಪಾಪರ್ ಇಲ್ಲಿ ಹೆಸರುವಾಸಿ.

ಯಾವ ಜಾಗಕ್ಕೆ ಯಾವುದು? ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಚಮ್ ಸಾಲ್ಮನ್‌ನ ಮರಿಗಳು ತೊರೆಗಳಿಂದ ಕಡಲಿಗೆ ಇಳಿಯುತ್ತವೆ. ದಕ್ಷಿಣ ಸೌಂಡ್‌ನಲ್ಲೂ ಹುಡ್ ಕೆನಾಲ್‌ನಲ್ಲೂ ಕಟ್‌ಥ್ರೋಟ್‌ಗಳು ಅವುಗಳ ಹಿಂದೆ ಬೀಳುತ್ತವೆ. 30-40 ಅಡಿಯ ಎಸೆತಗಳು, ಶಾಂತ ನೀರು. ಈ ಕಾಲಕ್ಕೆ ಜಾಲರಿ ಚೀಲವೂ ಸಾಕು, ಸಿಂಪಿ ಹಾಸಿನಿಂದ ಲೈನನ್ನು ಕಾಪಾಡಿದರಾಯಿತು. ಬೆಸಸಂಖ್ಯೆಯ ವರ್ಷಗಳಲ್ಲಿ ಪಿಂಕ್ ಬಂದಾಗ ಪಶ್ಚಿಮ ಸಿಯಾಟಲ್‌ನ ಲಿಂಕನ್ ಪಾರ್ಕ್, ಹ್ಯಾನ್ಸ್‌ವಿಲ್ ಬಳಿಯ ಪಾಯಿಂಟ್ ನೋ ಪಾಯಿಂಟ್ ದಂಡೆಗಳಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ. ಅಲ್ಲಿ ಪಕ್ಕದವರ ಕಾಲಿಗೆ ನಿಮ್ಮ ಲೈನ್ ಸುತ್ತದಿರಲು ಬುಟ್ಟಿ ಬೇಕೇ ಬೇಕು. ವಿಡ್ಬಿ ದ್ವೀಪದ ಬುಷ್ ಪಾಯಿಂಟ್, ಲಗೂನ್ ಪಾಯಿಂಟ್‌ಗಳಲ್ಲಿ ಬೇಸಿಗೆ ಕೊನೆಯಿಂದ ಕೋಹೋ ಹಾಯುತ್ತವೆ. ನೀರಿನ ಸೆಳೆತ ಜೋರು, ಎಸೆತ ದೂರ. ಗಟ್ಟಿ ಟ್ರೇ ಬಿಟ್ಟು ಬೇರೆ ಮಾತಿಲ್ಲ.

ಈ ಉತ್ತರದ ದಂಡೆಗಳಲ್ಲಿ ಹಡಗುಗಳ ಅಲೆ ಒಂದು ಬೇರೆಯೇ ತಂಟೆ. ಕಂಟೇನರ್ ಹಡಗು ದಾಟಿ ಹೋಗಿ, ಅದನ್ನು ಮರೆತೇಬಿಟ್ಟ ಹೊತ್ತಿಗೆ ಅಲೆ ದಂಡೆಗೆ ಬರುತ್ತದೆ. ಮೊಣಕಾಲಾಳದಲ್ಲಿ ನಿಂತವರ ಬುಟ್ಟಿಗೂ ತಲುಪುತ್ತದೆ. ಹಡಗು ಕಂಡಿರೋ, ಎರಡು ಹೆಜ್ಜೆ ಹಿಂದೆ ಸರಿದು ಗಾಳ ಹಾಕಿ. ಸಿಯಾಟಲ್ ಬಳಿ ದಿನದ ಅತಿ ಹೆಚ್ಚು ಉಬ್ಬರಕ್ಕೂ ಅತಿ ಕಡಿಮೆ ಇಳಿತಕ್ಕೂ ಸರಾಸರಿ 11 ಅಡಿ ಅಂತರವಿದೆ, ಹಾಗಾಗಿ ನಿಲ್ಲುವ ಜಾಗ ಗಂಟೆಗಂಟೆಗೂ ಬದಲಾಗುತ್ತದೆ. ಹತ್ತು ಹೆಜ್ಜೆ ಸರಿಯಲು ಲೈನ್ ಬುಟ್ಟಿಯಲ್ಲೇ ಇರಲಿ. ಅದಕ್ಕಿಂತ ಹೆಚ್ಚಾದರೆ ರೀಲ್‌ಗೆ ಸುತ್ತಿಕೊಂಡೇ ನಡೆಯಿರಿ, ಯಾವ ಶಂಕುವೂ ಅಷ್ಟು ಕುಲುಕಾಟ ತಡೆಯುವುದಿಲ್ಲ.

ಮೀನು ಕಚ್ಚಿದ ಗಳಿಗೆಯಲ್ಲಿ ಬುಟ್ಟಿಯ ನಿಜವಾದ ಪರೀಕ್ಷೆ. ಕೋಹೋ ಬಹಳ ಸಲ ದಂಡೆಯ ಕಡೆಗೇ ನುಗ್ಗುತ್ತದೆ. ರೀಲ್ ಸುತ್ತಲು ಹೋದರೆ ಲೈನ್ ಸಡಿಲವಾಗಿ, ಹಿಮ್ಮುಖ ಮುಳ್ಳಿಲ್ಲದ ಕೊಕ್ಕೆ ಕಳಚಿಹೋಗುತ್ತದೆ. ಸ್ಟ್ರಿಪ್ ಮಾಡುತ್ತಲೇ ಬುಟ್ಟಿಗೆ ತುಂಬಿ. ಅದು ತಿರುಗಿ ಓಡಿದಾಗ ಬುಟ್ಟಿಯ ಲೈನ್ ಒಂದು ಕ್ಷಣದಲ್ಲಿ ಖಾಲಿಯಾಗುತ್ತದೆ. ಆಗ ಎಡಗೈಯ ಹೆಬ್ಬೆರಳೂ ತೋರುಬೆರಳೂ ಸೇರಿಸಿ ಉಂಗುರ ಮಾಡಿ, ಲೈನನ್ನು ಅದರೊಳಗಿಂದ ಹಾಯಿಸಿ, ಬುಟ್ಟಿಯಿಂದ ಒಂದಡಿ ಮೇಲೆ ಹಿಡಿಯಿರಿ. ಶಂಕುವಿಗೆ ತಗಲಿದ ಸುರುಳಿ ಅಲ್ಲೇ ಬಿಡಿಸಿಕೊಳ್ಳುತ್ತದೆ. ಶಂಕುಗಳು ಬುಡ ದಪ್ಪ, ತುದಿ ಸಪುರ ಇರಬೇಕೆನ್ನುವುದು ಇದಕ್ಕೇ. ಮೇಲಿಂದ ಕೆಳಗೂ ಒಂದೇ ದಪ್ಪದ ಗೂಟಗಳಾದರೆ ಸುರುಳಿ ಬಿಗಿದುಕೊಂಡು ಟಿಪೆಟ್ (ಲೀಡರಿನ ತೆಳು ತುದಿ) ಹರಿಯುತ್ತದೆ.

ಮುಳ್ಳಿಲ್ಲದ ಕೊಕ್ಕೆ ಎಂದದ್ದು ಸುಮ್ಮನಲ್ಲ. ಇಲ್ಲಿ ಸಾಲ್ಮನ್‌ಗೆ ಒಂಟಿ ಮೊನೆಯ, ಮುಳ್ಳಿಲ್ಲದ ಕೊಕ್ಕೆಯೇ ನಿಯಮ. ಉಪ್ಪುನೀರಿನಲ್ಲಿ ಸಿಕ್ಕ ಕಟ್‌ಥ್ರೋಟನ್ನು ವಾಪಸು ಬಿಡಲೇಬೇಕು. ಲೈಸನ್ಸ್ ಜೊತೆಗೆ ಸಾಲ್ಮನ್‌ಗೆ, ಹಿಡಿದ ಮೀನಿನ ಲೆಕ್ಕ ಬರೆದಿಡುವ ಕ್ಯಾಚ್ ರೆಕಾರ್ಡ್ ಕಾರ್ಡ್ ಬೇಕು. ಕೋಹೋ, ಪಿಂಕ್‌ಗಳನ್ನು ಎಲ್ಲಿ ಯಾವಾಗ ಇಟ್ಟುಕೊಳ್ಳಬಹುದು ಎಂಬುದು ಮರೈನ್ ಏರಿಯಾ (ರಾಜ್ಯ ಗುರುತಿಸಿದ ಕಡಲ ವಲಯ) ನಂಬರಿನ ಪ್ರಕಾರ ಬದಲಾಗುತ್ತದೆ, ಹಂಗಾಮಿನ ನಡುವೆಯೂ ಬದಲಾಗುತ್ತದೆ. ಹೊರಡುವ ಹಿಂದಿನ ರಾತ್ರಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ತುರ್ತು ನಿಯಮಗಳನ್ನು ನೋಡಿಕೊಳ್ಳಿ.

ಒಂದೇ ಕೊಳ್ಳುವುದಾದರೆ ಆಳದ, ಶಂಕುಗಳಿರುವ ಗಟ್ಟಿ ಟ್ರೇ. ಕೈಗೆ ಡ್ರಿಲ್ ಹಿಡಿಯುವ ಅಭ್ಯಾಸವಿದ್ದರೆ ಟಬ್ಬೇ ಮಾಡಿಕೊಳ್ಳಿ, ಉಳಿದ ಹಣದಲ್ಲಿ ಒಳ್ಳೆಯ ತಣ್ಣೀರಿನ ಲೈನ್ ಬರುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ವೇಡರ್ ತೊಟ್ಟು, ಒಳಗೆ ಚಳಿಗಾಲದ ಬಟ್ಟೆಯೂ ಇದ್ದಾಗಲೇ ಬೆಲ್ಟ್ ಕಟ್ಟಿ ನೋಡಿ. ಬೇಸಿಗೆ ಅಂಗಿಯ ಮೇಲೆ ಸರಿಹೋದ ಪಟ್ಟಿ ಫೆಬ್ರವರಿಯಲ್ಲಿ ನಾಲ್ಕು ಇಂಚು ಕಮ್ಮಿ ಬೀಳುತ್ತದೆ. ಟ್ರೇಯನ್ನು ತೊಡೆಯ ಮೇಲೆ ಇಳಿಸಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ, ಮಂಡಿಗೆ ಬಡಿದರೆ ಒಂದು ಅಳತೆ ಚಿಕ್ಕದನ್ನು ಕೇಳಿ.